ಫೋನ್ "ಸುರಕ್ಷಿತವಾಗಿಲ್ಲ" ಅಂದರೆ ಏನರ್ಥ?



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕಿನ ಸಂಘಗಳ ಸಭೆಗೆ ಬಂದಾಗ ಹಿಂದೆ ನೀವು ನಮ್ಮನ್ನು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ನಡಾವಳಿ ಪುಸ್ತಕ ಹೇಗೆ ಬರೆಯೋದು, ಒಳಸಾಲಕ್ಕೆ ಬಡ್ಡಿ ಎಷ್ಟು ಹಾಕೋದು, ಮ್ಯಾನೇಜರ್ ಸಾಲ ಕೊಡೋದಿಲ್ಲ ಅಂದ್ರೆ ಎಂತ ಮಾಡೋದು, ಇಂಥವು. ಈಗ ಸಭೆ ಮುಗಿದು ಚಾಪೆ ಸುತ್ತುವ ಹೊತ್ತಿಗೆ ಯಾರಾದರೂ ಒಬ್ಬರು ಫೋನ್ ತೆಗೆದು ಮುಂದೆ ಹಿಡಿಯುತ್ತಾರೆ. "ಇದೊಂದು ನೋಡಿ, ಎಂತದೋ ಎಚ್ಚರಿಕೆ ಬರ್ತಾ ಇದೆ." ನೋಡಿದರೆ ಮೇಲ್ಗಡೆ ವಿಳಾಸ ಕಾಣುವ ಪಟ್ಟಿಯಲ್ಲಿ "ಸುರಕ್ಷಿತವಾಗಿಲ್ಲ" ಎಂದೋ, ಫೋನ್ ಇಂಗ್ಲಿಷಿನಲ್ಲಿದ್ದರೆ "ನಾಟ್ ಸೆಕ್ಯೂರ್" ಎಂದೋ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅದರ ಅರ್ಥ ಏನು, ಅದಕ್ಕೆ ಎಷ್ಟು ಹೆದರಬೇಕು, ಎಲ್ಲಿ ಹೆದರಬೇಕಿಲ್ಲ ಎಂಬುದನ್ನು ಈ ಕರಪತ್ರದಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಇದನ್ನು ಬರೆಯಲು ಕಾರಣವಾದ ಎರಡು ಸಂಗತಿಗಳನ್ನು ಮೊದಲು ಹೇಳಬೇಕು. ಹೆಸರು, ಊರು ಬೇಡ.

ಶೃಂಗೇರಿ ಕಡೆಯ ಒಬ್ಬ ಸದಸ್ಯೆ ಅಡಿಕೆ ಧಾರಣೆ ನೋಡಲು ಯಾವುದೋ ಹಳೆಯ ವೆಬ್‌ಸೈಟ್ ತೆರೆದಿದ್ದರು. ಮೇಲೆ "ಸುರಕ್ಷಿತವಾಗಿಲ್ಲ" ಎಂದು ಬಂತು. ಗಾಬರಿಯಾಗಿ ಫೋನ್ ಆಫ್ ಮಾಡಿದರು. ಮೂರು ದಿನ ಮುಟ್ಟಲಿಲ್ಲ. ನಾಲ್ಕನೇ ದಿನ ಕೆಲಸ ಬಿಟ್ಟು ಬಸ್ ಹತ್ತಿ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸಿಕೊಂಡು, ದುಡ್ಡು ಇದ್ದ ಹಾಗೇ ಇದೆ ಅಂತ ನೋಡಿದ ಮೇಲೇ ಅವರಿಗೆ ಸಮಾಧಾನ. ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಹೋಯಿತು, ಅಷ್ಟೇ. ಅವರು ಧಾರಣೆ ನೋಡಿದ್ದರಲ್ಲಿ ಯಾವ ಅಪಾಯವೂ ಇರಲಿಲ್ಲ.

ಎರಡನೆಯದು ನರಸಿಂಹರಾಜಪುರ ಕಡೆಯದು. ಅವರು ತಮ್ಮ ಸಂಘದ ಪ್ರತಿನಿಧಿ. ಬ್ಯಾಂಕಿಗೆ ಸಾಲು ರಜೆ ಇದ್ದುದರಿಂದ ಸದಸ್ಯರೆಲ್ಲ ಆ ತಿಂಗಳ ಸಾಲದ ಕಂತನ್ನು ಫೋನಿನಲ್ಲೇ ಅವರ ಖಾತೆಗೆ ಹಾಕಿದ್ದರು. ರಜೆ ಮುಗಿದ ಮೇಲೆ ಒಟ್ಟಿಗೆ ಕಟ್ಟುವ ಯೋಚನೆ. ಅದೇ ಸಮಯಕ್ಕೆ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಂದು ಲಿಂಕ್ ಬಂತು: ಗೃಹಲಕ್ಷ್ಮಿಯ ಬಾಕಿ ಕಂತು ಪಡೆಯಲು ಇಲ್ಲಿ ಒತ್ತಿ. ಒತ್ತಿದರು. ಮುಖ್ಯಮಂತ್ರಿಗಳ ಫೋಟೋ, ಸರ್ಕಾರದ ಲಾಂಛನ, ಅಚ್ಚ ಕನ್ನಡ. ಖಾತೆ ಸಂಖ್ಯೆ, ಎಟಿಎಂ ಕಾರ್ಡಿನ 16 ಅಂಕಿ, ಹಿಂಬದಿಯ 3 ಅಂಕಿ, ಕೊನೆಗೆ ಒಟಿಪಿ ಕೇಳಿತು. ಎಲ್ಲ ಹಾಕಿದರು. ಸ್ವಲ್ಪ ಹೊತ್ತಿಗೆ ಖಾತೆಯಲ್ಲಿದ್ದ ಸಂಘದ ಕಂತಿನ ಹಣವೆಲ್ಲ ಖಾಲಿ.

ಅವರು ಎಚ್ಚರಿಕೆಯಿಲ್ಲದೆ ಒತ್ತಿದವರಲ್ಲ. ಒತ್ತುವ ಮುಂಚೆ ವಿಳಾಸದ ಪಕ್ಕ ನೋಡಿದ್ದರು. "ಸುರಕ್ಷಿತವಾಗಿಲ್ಲ" ಎಂಬ ಮಾತು ಅಲ್ಲಿರಲಿಲ್ಲ, ಬೀಗದ ಚಿತ್ರ ಇತ್ತು. "ಬೀಗ ಇದ್ರೆ ಧೈರ್ಯವಾಗಿ ಮುಂದುವರಿಯಿರಿ ಅಂತ ನೀವೇ ಹೇಳಿಕೊಟ್ಟಿದ್ರಲ್ಲ" ಎಂದರು ನಮ್ಮ ಮುಂದೆ ಕೂತು. ಹೌದು, ಆ ಮಾತು ನಮ್ಮದೇ. ಕೆಲವು ವರ್ಷಗಳ ಹಿಂದೆ ಡಿಜಿಟಲ್ ತರಬೇತಿಯಲ್ಲಿ ನಾವು ಹಂಚಿದ ಹಾಳೆಯಲ್ಲಿ ಆ ಸಾಲು ಇದೆ. ಅದು ಅರ್ಧ ಸತ್ಯ. ಒಬ್ಬರು ಹೆದರಬೇಕಾಗಿಲ್ಲದಲ್ಲಿ ಹೆದರಿದರು, ಇನ್ನೊಬ್ಬರು ನಂಬಬಾರದಲ್ಲಿ ನಂಬಿದರು. ಈ ಎಚ್ಚರಿಕೆ ಯಾವುದರ ಬಗ್ಗೆ ಮಾತಾಡುತ್ತದೆ ಎಂದು ನಾವು ಸರಿಯಾಗಿ ಹೇಳಿಕೊಡದಿದ್ದುದೇ ಎರಡಕ್ಕೂ ಕಾರಣ.

ಕಂಡಕ್ಟರ್ ಕೈಯಲ್ಲಿ ಕೊಟ್ಟ ಚೀಟಿ

ಮೊಬೈಲ್ ಇಲ್ಲದ ಕಾಲವನ್ನು ನೆನಪು ಮಾಡಿಕೊಳ್ಳಿ. 2020ರಲ್ಲಿ ನಿಂತುಹೋದ ನಮ್ಮ ಸಹಕಾರ ಸಾರಿಗೆ ಬಸ್ಸುಗಳು ಆಗ ಓಡುತ್ತಿದ್ದವು. ಶೃಂಗೇರಿಯಲ್ಲಿ ಇರುವ ನೀವು ನರಸಿಂಹರಾಜಪುರದಲ್ಲಿರುವ ತಂಗಿಗೆ ಒಂದು ಚೀಟಿ ಕಳಿಸಬೇಕು. ಕಂಡಕ್ಟರಿಗೆ ಕೊಡುತ್ತೀರಿ. ಅವರು ಹರಿಹರಪುರ ದಾಟಿ ಕೊಪ್ಪಕ್ಕೆ ಬಂದು ಅಲ್ಲಿ ಮತ್ತೊಂದು ಬಸ್ಸಿನವರಿಗೆ ಕೊಡುತ್ತಾರೆ. ಆ ಬಸ್ಸಿನವರು ನರಸಿಂಹರಾಜಪುರದ ಒಂದು ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ತಂಗಿ ಬಂದು ತೆಗೆದುಕೊಳ್ಳುತ್ತಾಳೆ. ನಮ್ಮ ಬಸ್ಸಿನವರು ಒಳ್ಳೆಯವರು, ಚೀಟಿ ತಲುಪಿಸುತ್ತಿದ್ದರು. ಆದರೆ ಚೀಟಿ ಬರೀ ಮಡಚಿದ ಕಾಗದ. ದಾರಿಯಲ್ಲಿ ಅದು ಯಾರ ಕೈಗೆ ಬಂತೋ ಅವರು ಬಿಡಿಸಿ ಓದಬಹುದಿತ್ತು. ಓದಿದರೆ ಗೊತ್ತೂ ಆಗುತ್ತಿರಲಿಲ್ಲ. ಮನಸ್ಸು ಕೆಟ್ಟವರಾಗಿದ್ದರೆ "ಎರಡು ಸಾವಿರ ಕಳಿಸು" ಅಂತ ಇದ್ದದ್ದನ್ನು ಇಪ್ಪತ್ತು ಸಾವಿರ ಮಾಡಿಬಿಡಬಹುದಿತ್ತು.

ಫೋನಿನಲ್ಲಿ ನಾವು ಒಂದು ವೆಬ್‌ಸೈಟ್ ತೆರೆದಾಗ ನಡೆಯುವುದೂ ಇದೇ. ನೀವು ಒತ್ತಿದ್ದು, ಬರೆದದ್ದು ನೇರವಾಗಿ ಆ ವೆಬ್‌ಸೈಟ್ ಇರುವ ಕಂಪ್ಯೂಟರಿಗೆ ಹಾರಿಹೋಗುವುದಿಲ್ಲ. ನೆಟ್‌ವರ್ಕ್ ಸಿಗುವ ಗುಡ್ಡದ ಮೇಲಿನ ಟವರಿಗೆ, ಅಲ್ಲಿಂದ ಸಿಮ್ ಕಂಪನಿಯ ಕೇಂದ್ರಕ್ಕೆ, ಅಲ್ಲಿಂದ ಇನ್ನೊಂದು ಕಂಪನಿಗೆ, ಹೀಗೆ ಕೈಯಿಂದ ಕೈಗೆ ದಾಟಿ ಹೋಗುತ್ತದೆ. ಉತ್ತರವೂ ಹಾಗೇ ಬರುತ್ತದೆ.

ವೆಬ್‌ಸೈಟುಗಳು ಮಾತಾಡುವ ಮೊದಲ ಪದ್ಧತಿಯ ಹೆಸರು ಎಚ್‌ಟಿಟಿಪಿ. 1990ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬುವರು ಇದನ್ನು ಮಾಡಿದಾಗ ಅದರ ಕೆಲಸ ವಿಜ್ಞಾನಿಗಳು ಕಾಗದಪತ್ರ ಹಂಚಿಕೊಳ್ಳುವುದಾಗಿತ್ತು. ಮುಚ್ಚುಮರೆ ಬೇಕೆಂಬ ಪ್ರಶ್ನೆಯೇ ಇರಲಿಲ್ಲ. ಅದು ಮಡಚಿದ ಚೀಟಿ ಅಥವಾ ಅಂಚೆ ಕಾರ್ಡು ಇದ್ದ ಹಾಗೆ. ಆಮೇಲೆ ಜನ ಇಂಟರ್‌ನೆಟ್ಟಿನಲ್ಲಿ ವ್ಯಾಪಾರ ಶುರುಮಾಡಿದಾಗ ಕಾರ್ಡ್ ನಂಬರನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಲಿಕ್ಕೆ ಆಗ್ತದಾ? 1994ರ ಸುಮಾರಿಗೆ ನೆಟ್‌ಸ್ಕೇಪ್ ಎಂಬ ಕಂಪನಿ ಅದಕ್ಕೊಂದು ಲಕೋಟೆ ಮಾಡಿತು. ಕೊನೆಗೆ ಒಂದು "ಎಸ್" ಸೇರಿ ಅದು ಎಚ್‌ಟಿಟಿಪಿಎಸ್ ಆಯಿತು.

ಈ ಲಕೋಟೆ ಅಂಟು ಹಚ್ಚಿದ ಲಕೋಟೆಯಲ್ಲ, ಬೀಗ ಹಾಕಿದ ಪೆಟ್ಟಿಗೆ. ಬ್ಯಾಂಕಿನ ವೆಬ್‌ಸೈಟ್ ಮೊದಲು ತನ್ನ ತೆರೆದ ಬೀಗವನ್ನು ನಿಮ್ಮ ಫೋನಿಗೆ ಕಳಿಸುತ್ತದೆ ಅಂದುಕೊಳ್ಳಿ. ಬೀಗ ಒತ್ತಿ ಹಾಕಲು ಕೀಲಿಕೈ ಬೇಡ, ತೆಗೆಯಲು ಬೇಕು. ಆ ಕೀಲಿಕೈ ಬ್ಯಾಂಕಿನ ಹತ್ತಿರ ಮಾತ್ರ ಇದೆ. ಆ ಬೀಗದ ಸಹಾಯದಿಂದ ಫೋನ್ ಮತ್ತು ಬ್ಯಾಂಕ್ ತಮ್ಮಿಬ್ಬರಿಗೇ ಗೊತ್ತಿರುವ ಒಂದು ಗುಟ್ಟಿನ ಲಿಪಿ ಮಾಡಿಕೊಂಡು, ಆಮೇಲಿನ ಮಾತೆಲ್ಲ ಆ ಲಿಪಿಯಲ್ಲೇ ಆಡುತ್ತವೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕದ ಮೂಲಕ ನಡೆಯುತ್ತದೆ. ನಡುವಿನವರಿಗೆ ಪೆಟ್ಟಿಗೆ ಯಾವ ವಿಳಾಸಕ್ಕೆ ಹೋಗ್ತಿದೆ ಅಂತ ಕಾಣಬಹುದು, ಒಳಗೆ ಎಂತ ಇದೆ ಅಂತ ಕಾಣುವುದಿಲ್ಲ. ಒಳಗಿನದನ್ನು ತಿದ್ದಿದರೆ ಫೋನಿಗೆ ಗೊತ್ತಾಗಿ ಪುಟವನ್ನೇ ತೆರೆಯುವುದಿಲ್ಲ.

ಹಾಗಾದರೆ "ಸುರಕ್ಷಿತವಾಗಿಲ್ಲ" ಎಂದರೆ ಇಷ್ಟೇ: ಈ ಪುಟದ ಜೊತೆ ನಡೆಯುವ ಮಾತು ಬೀಗವಿಲ್ಲದ ಚೀಟಿಯಲ್ಲಿ ಹೋಗುತ್ತಿದೆ. ಫೋನಿಗೆ ವೈರಸ್ ಬಂತು ಎಂದಲ್ಲ. ದುಡ್ಡು ಹೋಯಿತು ಎಂದಲ್ಲ. ಆ ವೆಬ್‌ಸೈಟಿನವರು ಕಳ್ಳರು ಎಂದೂ ಅಲ್ಲ. ಅದು ದಾರಿಯ ಬಗ್ಗೆ ಹೇಳುವ ಮಾತು. ದಾರಿಯ ಆ ತುದಿಯಲ್ಲಿ ಕೂತವರು ಎಂಥವರು ಎಂಬ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ದಾರಿಯಲ್ಲಿ ನಿಜವಾಗಿ ಯಾರಾದ್ರೂ ಚೀಟಿ ತೆರೀತಾರಾ?

ಈ ಪ್ರಶ್ನೆ ಸಭೆಯಲ್ಲಿ ಬಂದೇ ಬರುತ್ತದೆ. ತೆರೆದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ತೇಜೇಶ್ ಜಿ.ಎನ್. ಎಂಬ ತಂತ್ರಜ್ಞರು ಏರ್‌ಟೆಲ್ 3ಜಿ ಮೂಲಕ ವೆಬ್ ಪುಟ ನೋಡುತ್ತಿದ್ದಾಗ, ಪುಟದ ಒಡೆಯರು ಬರೆಯದ ಕೆಲವು ಸಾಲುಗಳು ಅದರೊಳಗೆ ಸೇರಿಕೊಂಡಿರುವುದನ್ನು ಗಮನಿಸಿದರು. ಅವು ಕಣ್ಣಿಗೆ ಕಾಣುವ ಅಕ್ಷರಗಳಲ್ಲ, ಕಂಪ್ಯೂಟರಿಗೆ ಕೊಡುವ ಆಜ್ಞೆಗಳು. ದಾರಿಯ ನಡುವೆ ಸೇರಿಸಿದ್ದು. ಅವರು ಅದನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್ ಎಂಬ ತಾಣದಲ್ಲಿ ಹಾಕಿದರು. ಆ ಆಜ್ಞೆಗಳು ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಕಂಪನಿಯವು. ಆ ಕಂಪನಿಯ ವಕೀಲರಿಂದ ಇವರಿಗೇ ನೋಟಿಸ್ ಬಂತು! ಚೀಟಿ ತೆರೆದವರನ್ನು ಬಿಟ್ಟು, ಚೀಟಿ ತೆರೆದಿದ್ದಾರೆ ನೋಡಿ ಅಂದವರಿಗೆ ನೋಟಿಸ್. ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ, ಗ್ರಾಹಕರು ಎಷ್ಟು ಡೇಟಾ ಬಳಸುತ್ತಾರೆ ಎಂದು ಅವರಿಗೇ ತಿಳಿಸಲು ಮಾಡಿದ ಪ್ರಯೋಗ ಅದು, ನೋಟಿಸಿಗೂ ತನಗೂ ಸಂಬಂಧವಿಲ್ಲ ಎಂದು ಏರ್‌ಟೆಲ್ ಹೇಳಿತು. ಯಾರ ದುಡ್ಡೂ ಹೋಗಲಿಲ್ಲ. ಆದರೆ ಬೀಗವಿಲ್ಲದ ಪುಟಕ್ಕೆ ನಡುದಾರಿಯಲ್ಲಿ ಹೊಸ ಸಾಲು ಸೇರಿಸಬಹುದು ಎಂಬುದು ಎಲ್ಲರಿಗೂ ಕಂಡಿತು. ಒಳ್ಳೆಯ ಉದ್ದೇಶಕ್ಕೆ ಸೇರಿಸಲು ಸಾಧ್ಯವಾದರೆ ಕೆಟ್ಟ ಉದ್ದೇಶಕ್ಕೂ ಸಾಧ್ಯ.

ಅದಕ್ಕೂ ಮುಂಚೆ 2010ರಲ್ಲಿ ಅಮೆರಿಕದ ಎರಿಕ್ ಬಟ್ಲರ್ ಎಂಬುವರು ಫೈರ್‌ಶೀಪ್ ಎಂಬ ಸಣ್ಣ ತಂತ್ರಾಂಶ ಬಿಡುಗಡೆ ಮಾಡಿದ್ದರು. ಕಾಫಿ ಅಂಗಡಿಯಂಥ ಕಡೆ ಪಾಸ್‌ವರ್ಡ್ ಇಲ್ಲದ ವೈಫೈ ಬಳಸುತ್ತಾ ಕೂತವರ ಫೇಸ್‌ಬುಕ್ ಖಾತೆಯೊಳಗೆ ಪಕ್ಕದ ಮೇಜಿನವರು ಒಂದು ಒತ್ತಿನಲ್ಲಿ ಹೋಗಬಹುದು ಎಂದು ತೋರಿಸುವುದೇ ಅದರ ಉದ್ದೇಶ. ಆಗ ಫೇಸ್‌ಬುಕ್‌ನಂಥ ದೊಡ್ಡ ತಾಣಗಳೂ ಎಲ್ಲ ಪುಟಗಳಿಗೆ ಬೀಗ ಹಾಕುತ್ತಿರಲಿಲ್ಲ. ಆಸ್ಪತ್ರೆ ಕೆಲಸಕ್ಕೆ ಶಿವಮೊಗ್ಗಕ್ಕೋ ಮಂಗಳೂರಿಗೋ ಹೋದಾಗ ಬಿಟ್ಟಿ ವೈಫೈ ಸಿಗುತ್ತದೆ ಅಂತ ಹಾಕಿಕೊಳ್ಳುತ್ತೇವಲ್ಲ, ಅಲ್ಲಿ "ಸುರಕ್ಷಿತವಾಗಿಲ್ಲ" ಎಂದು ಬರುವ ಪುಟಕ್ಕೆ ಹೆಚ್ಚು ಬೆಲೆ ಕೊಡಬೇಕು. ಮನೆಯ ಅಂಗಳದಲ್ಲಿ ಕೂತಾಗಿನ ಚೀಟಿಗಿಂತ ಬಸ್‌ಸ್ಟ್ಯಾಂಡಿನಲ್ಲಿ ಬಿಡಿಸಿಟ್ಟ ಚೀಟಿಗೆ ಕಣ್ಣು ಜಾಸ್ತಿ.

ಎಚ್ಚರಿಕೆ ಬಂದಾಗ ಮಾಡಬೇಕಾದ್ದು ಕಷ್ಟದ್ದೇನಲ್ಲ. ಅಡಿಕೆ, ಕಾಳುಮೆಣಸಿನ ಧಾರಣೆ, ಮಳೆ ಸುದ್ದಿ, ಹಳೆಯ ಸುತ್ತೋಲೆ, ಅಡುಗೆ ವಿಧಾನ, ಹೀಗೆ ಬರೀ ಓದುವುದಾದರೆ ಓದಿ. ಬರೆಯಲು ಖಾಲಿ ಜಾಗ ಕೊಟ್ಟರೆ ಅಲ್ಲಿಗೆ ನಿಲ್ಲಿಸಿ. ಹೆಸರು, ಫೋನ್ ನಂಬರ್, ಆಧಾರ್, ಪಾಸ್‌ವರ್ಡ್, ಕಾರ್ಡಿನ ಅಂಕಿ ಯಾವುದನ್ನೂ ಅಂಥ ಪುಟದಲ್ಲಿ ಬರೆಯಬೇಡಿ. ಅಲ್ಲಿಂದ ಆ್ಯಪ್ ಅಥವಾ ಫೈಲ್ ಇಳಿಸಿಕೊಳ್ಳಬೇಡಿ, ಯಾಕೆಂದರೆ ಬರುವ ದಾರಿಯಲ್ಲಿ ಅದು ಬದಲಾಗಿರಬಹುದು. ಶೃಂಗೇರಿಯ ನಮ್ಮ ಸದಸ್ಯೆ ಧಾರಣೆ ನೋಡಿ ಸುಮ್ಮನೆ ಮುಚ್ಚಿದ್ದರೆ ಸಾಕಿತ್ತು.

ಬೀಗ ಕಳ್ಳರಿಗೂ ಸಿಗುತ್ತದೆ

ಈಗ ನರಸಿಂಹರಾಜಪುರದ ಸಂಗತಿಗೆ ಬರೋಣ. ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ. ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ ಒಳ್ಳೆಯದು.

ವೆಬ್‌ಸೈಟಿಗೆ ಬೀಗ ಬೇಕಾದರೆ ಅದರ ಒಡೆಯರು ಒಂದು ಪ್ರಮಾಣಪತ್ರ ಪಡೆಯಬೇಕು. ಈ ವಿಳಾಸ ಇವರ ಕೈಯಲ್ಲೇ ಇದೆ ಎಂದು ಒಂದು ಸಂಸ್ಥೆ ದೃಢೀಕರಿಸಿ ಕೊಡುವ ಕಾಗದ ಅದು. ಹಿಂದೆ ಇದಕ್ಕೆ ದುಡ್ಡು ಕೊಡಬೇಕಿತ್ತು, ಹಾಗಾಗಿ ಸಣ್ಣಪುಟ್ಟವರು ಹಾಕಿಸುತ್ತಿರಲಿಲ್ಲ. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಇದನ್ನು ಎಲ್ಲರಿಗೂ ಉಚಿತವಾಗಿ ಕೊಡಲು ಶುರುಮಾಡಿತು. ಒಳ್ಳೆಯ ಕೆಲಸವೇ. ಬಡ ಸಂಸ್ಥೆಗಳ ವೆಬ್‌ಸೈಟಿಗೂ ಬೀಗ ಬಂತು. ಎಲ್ಲರಿಗೂ ಸುಲಭವಾದ ಮೇಲೆ ಹಾಕಿಸದವರನ್ನು ಬ್ರೌಸರುಗಳು ಎತ್ತಿ ತೋರಿಸತೊಡಗಿದವು. ಗೂಗಲ್ ಕ್ರೋಮ್ 2017ರ ಜನವರಿಯಿಂದ ಪಾಸ್‌ವರ್ಡ್, ಕಾರ್ಡ್ ನಂಬರ್ ಕೇಳುವ ಬೀಗವಿಲ್ಲದ ಪುಟಗಳಿಗೆ, 2018ರ ಜುಲೈಯಿಂದ ಬೀಗವಿಲ್ಲದ ಎಲ್ಲ ಪುಟಗಳಿಗೂ "ಸುರಕ್ಷಿತವಾಗಿಲ್ಲ" ಎಂಬ ಪಟ್ಟಿ ಅಂಟಿಸಿತು. ನಿನ್ನೆ ಮೊನ್ನೆವರೆಗೆ ಏನೂ ಹೇಳದಿದ್ದ ಹಳೆಯ ಪುಟ ಒಮ್ಮೆಲೇ ಅಪಾಯದಂತೆ ಕಂಡದ್ದು ಇದರಿಂದ. ಪುಟ ಬದಲಾಗಿರಲಿಲ್ಲ, ಹೇಳುವ ರೀತಿ ಬದಲಾಗಿತ್ತು.

ಆದರೆ ಆ ಪ್ರಮಾಣಪತ್ರ ಕೊಡುವವರು ನೋಡುವುದು ಒಂದೇ: ಈ ವಿಳಾಸ ಕೇಳಿದವರ ಹಿಡಿತದಲ್ಲಿ ಇದೆಯೇ? ಅವರು ಸಜ್ಜನರೇ, ಸರ್ಕಾರದವರೇ, ಮೋಸಗಾರರೇ ಎಂದು ಸಾಮಾನ್ಯ ಪ್ರಮಾಣಪತ್ರಕ್ಕೆ ವಿಚಾರಿಸುವುದಿಲ್ಲ. ಕಳ್ಳರು ನೂರಿನ್ನೂರು ರೂಪಾಯಿಗೆ ಒಂದು ಹೊಸ ವಿಳಾಸ ಕೊಂಡು, ಉಚಿತ ಬೀಗ ಹಾಕಿಸಿ, ಗೃಹಲಕ್ಷ್ಮಿ ಎಂದು ಬೋರ್ಡ್ ಬರೆದರೆ ಫೋನ್ ಯಾವ ಎಚ್ಚರಿಕೆಯನ್ನೂ ಕೊಡದಿರಬಹುದು. ದಾರಿ ಭದ್ರವಾಗಿದೆ ತಾನೇ? ನಿಮ್ಮ ಒಟಿಪಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ನಡುವೆ ಯಾರೂ ಓದದಂತೆ, ನೇರವಾಗಿ ಕಳ್ಳರ ಕೈಗೇ ತಲುಪುತ್ತದೆ.

ಈ ತಪ್ಪು ತಿಳಿವಳಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 2021ರಲ್ಲಿ ಗೂಗಲ್ ಮಾಡಿದ ಅಧ್ಯಯನದಲ್ಲಿ ಬೀಗದ ಚಿತ್ರದ ಸರಿಯಾದ ಅರ್ಥ ಹೇಳಿದವರು ನೂರಕ್ಕೆ 11 ಜನ ಮಾತ್ರ. ಕೊನೆಗೆ ಬೀಗವನ್ನೇ ತೆಗೆದುಹಾಕಲು ನಿರ್ಧರಿಸಿ, 2023ರ ಸೆಪ್ಟೆಂಬರಿನಿಂದ ಕ್ರೋಮಿನಲ್ಲಿ ಅದರ ಜಾಗಕ್ಕೆ ಎರಡು ಸಣ್ಣ ಗೆರೆ, ಎರಡು ಉರುಟು ಚುಕ್ಕಿ ಇರುವ ಗುರುತು ಹಾಕಿದರು. ಬೇರೆ ಬ್ರೌಸರುಗಳಲ್ಲಿ, ಹಳೆಯ ಫೋನುಗಳಲ್ಲಿ ಬೀಗವೇ ಕಾಣಿಸಬಹುದು. ಎರಡರಿಂದಲೂ ತಿಳಿಯುವುದು ದಾರಿ ಮುಚ್ಚಿದೆ ಎಂಬುದಷ್ಟೇ.

ವಿಳಾಸವನ್ನು ಬಲಗಡೆಯಿಂದ ಓದಬೇಕು

ಹಾಗಾದರೆ ತುದಿಯಲ್ಲಿ ಯಾರಿದ್ದಾರೆ ಅಂತ ತಿಳಿಯೋದು ಹೇಗೆ? ವಿಳಾಸ ಓದಿ. ಅದೂ ಬಲಗಡೆಯಿಂದ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲೂ ಒಂದು ಕೊಪ್ಪ ಇದೆ. ಲಕೋಟೆಯ ಮೇಲೆ ಬರೀ ಕೊಪ್ಪ ಎಂದು ಬರೆದರೆ ಸಾಲುವುದಿಲ್ಲ. ಕೊನೆಯ ಸಾಲಿನಲ್ಲಿ ಚಿಕ್ಕಮಗಳೂರು ಜಿಲ್ಲೆ, 577126 ಎಂದು ಇದ್ದರೇ ನಮ್ಮ ಕೊಪ್ಪ. ಅಂಚೆಯವರು ಮೊದಲು ನೋಡುವುದು ಆ ಕೊನೆಯ ಸಾಲನ್ನು. ಇನ್ನು ಶೃಂಗೇರಿ ಹೆಸರಿನ ಬೋರ್ಡು ಹಾಕಿದ ಹೋಟೆಲ್ಲು ಬೆಂಗಳೂರಿನಲ್ಲಿ ಇದ್ದರೆ ಅದು ಶೃಂಗೇರಿಯಲ್ಲಿ ಇದ್ದ ಹಾಗೆ ಆಯಿತೇ?

ವೆಬ್ ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಆದ ಮೇಲೆ ಎರಡು ಓರೆ ಗೆರೆ ಬರುತ್ತವೆ. ಅವನ್ನು ಬಿಟ್ಟು ಮುಂದೆ ಹೋದರೆ ಇನ್ನೊಂದು ಓರೆ ಗೆರೆ ಸಿಗುತ್ತದೆ. ಅದರ ಹಿಂದಿನ ಭಾಗವೇ ವಿಳಾಸದ ಕೊನೆಯ ಸಾಲು. ಕರ್ನಾಟಕ ಸರ್ಕಾರದ ಸೇವಾಸಿಂಧುವಿನ ವಿಳಾಸ "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಎಂದು ಮುಗಿಯುತ್ತದೆ. "ಗವ್ ಡಾಟ್ ಇನ್" ಎಂಬ ಕೊನೆ ಭಾರತದ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುವಂಥದ್ದು. ಕಳ್ಳರ ವಿಳಾಸದಲ್ಲಿ ಗೃಹಲಕ್ಷ್ಮಿ, ಕರ್ನಾಟಕ, ಗವ್ ಎಲ್ಲ ಮುಂದುಗಡೆ ಇರುತ್ತದೆ, ಆದರೆ ಕೊನೆಯಲ್ಲಿ "ಡಾಟ್ ಕಾಮ್" ಎಂದೋ "ಡಾಟ್ ಆನ್‌ಲೈನ್" ಎಂದೋ ಬೇರೆ ಬಾಲ. ನಮ್ಮ ಸದಸ್ಯೆಯ ಫೋನಿನಲ್ಲಿ ಆಮೇಲೆ ತೆಗೆದು ನೋಡಿದಾಗ ಇದ್ದದ್ದು ಹೀಗೇ. ಫೋನಿನ ಕಿರಿದಾದ ಪಟ್ಟಿಯಲ್ಲಿ ವಿಳಾಸ ಪೂರ್ತಿ ಕಾಣುವುದಿಲ್ಲ; ಅದರ ಮೇಲೆ ಒತ್ತಿ, ಬೆರಳಿನಿಂದ ಸರಿಸಿ ನೋಡಬೇಕು.

ಬ್ಯಾಂಕುಗಳಿಗೂ ಈಗ ಇಂಥದೊಂದು ಕೊನೆ ಬಂದಿದೆ. ರಿಸರ್ವ್ ಬ್ಯಾಂಕ್ 2025ರಲ್ಲಿ ಎಲ್ಲ ಬ್ಯಾಂಕುಗಳೂ ಆ ವರ್ಷದ ಅಕ್ಟೋಬರ್ 31ರೊಳಗೆ ತಮ್ಮ ವೆಬ್ ವಿಳಾಸವನ್ನು "ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವಂತೆ ಬದಲಿಸಬೇಕೆಂದು ಸೂಚಿಸಿತು. ಆ ಕೊನೆಯನ್ನು ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ಪಾಸ್‌ಬುಕ್ಕಿನ ರಟ್ಟಿನ ಒಳಗೆ ನಿಮ್ಮ ಬ್ಯಾಂಕಿನ ವಿಳಾಸ ಬರೆದಿಟ್ಟುಕೊಳ್ಳಿ, ಬ್ಯಾಂಕಿನವರನ್ನೇ ಕೇಳಿ ಬರೆಸಿಕೊಂಡರೂ ಆದೀತು.

ವಿಳಾಸ ಓದುವುದು ಕಷ್ಟ ಅನ್ನುವ ಹಿರಿಯ ಸದಸ್ಯರೂ ಇದ್ದಾರೆ. ಅವರಿಗೆ ನಾವು ಹೇಳುವುದು, ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಲೇಬೇಡಿ, ಕಳಿಸಿದವರು ಸ್ವಂತ ಅಕ್ಕನ ಮಗಳೇ ಆಗಿರಲಿ. ಅವಳಿಗೂ ಯಾರೋ ಕಳಿಸಿದ್ದು. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ಹಣ ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಬೀಳುವಂಥದ್ದು, ಅದಕ್ಕೆ ಎಟಿಎಂ ಕಾರ್ಡಿನ ಅಂಕಿ ಬೇಕಿಲ್ಲ. ಬಾಕಿ ಇದ್ದರೆ ಗ್ರಾಮ ಒನ್ ಕೇಂದ್ರದಲ್ಲೋ ಅಂಗನವಾಡಿ ಮೇಲ್ವಿಚಾರಕಿಯರ ಹತ್ತಿರವೋ ಕೇಳಿ. ದುಡ್ಡು ಬರಲಿಕ್ಕೆ ಪಿನ್ ಒತ್ತುವ ಅಗತ್ಯ ಎಲ್ಲೂ ಇಲ್ಲ. ಪಿನ್ ಒತ್ತುವುದು ದುಡ್ಡು ಹೋಗಲಿಕ್ಕೆ. ಹಾಗೇ ಮದುವೆ ಕಾಗದ, ವಾಹನದ ದಂಡ ಅಂತ ಹೇಳಿ ಎಪಿಕೆ ಎಂಬ ಬಾಲವಿರುವ ಫೈಲ್ ಕಳಿಸುತ್ತಾರೆ. ಅದು ಫೋನಿನೊಳಗೆ ಕೂತು ಸಂದೇಶಗಳನ್ನು ಓದುವ ಆ್ಯಪ್. "ಸುರಕ್ಷಿತವಾಗಿಲ್ಲ" ಎಂಬ ಈ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ, ಅದು ವಾಟ್ಸಾಪಿನಿಂದಲೇ ಇಳಿಯುತ್ತದೆ.

ಇಡೀ ಪರದೆ ತುಂಬುವ ಎಚ್ಚರಿಕೆ

ಇನ್ನೊಂದು ಬಗೆಯದು ಇದೆ. ಪುಟ ತೆರೆಯುವುದೇ ಇಲ್ಲ, ಬದಲಿಗೆ ಪರದೆ ತುಂಬ ಕೆಂಪು ತ್ರಿಕೋನ, ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಎಂಬರ್ಥದ ಮಾತು. ಇದು ಸಣ್ಣ ಪಟ್ಟಿಗಿಂತ ಜೋರು. ಬೀಗ ಇದೆ, ಆದರೆ ಅದರ ಪ್ರಮಾಣಪತ್ರ ಸರಿಯಿಲ್ಲ ಎಂದು ಫೋನ್ ಹೇಳುತ್ತಿದೆ. ಅವಧಿ ಮುಗಿದಿರಬಹುದು, ಬೇರೆ ವಿಳಾಸದ ಹೆಸರಿಗೆ ಇರಬಹುದು, ಅಥವಾ ನಡುವೆ ಯಾರೋ ಸೇರಿಕೊಂಡಿರಬಹುದು.

ನಮ್ಮ ಕಡೆ ಕಂಡ ದೊಡ್ಡ ಕಾರಣ ಬೇರೆಯೇ, ಫೋನಿನ ತಾರೀಕು. ಮಳೆಗಾಲದಲ್ಲಿ ಕರೆಂಟು ಹೋಗಿ ಎರಡು ಮೂರು ದಿನ ಚಾರ್ಜ್ ಇಲ್ಲದೆ ಬಿದ್ದ ಹಳೆಯ ಫೋನ್ ಮತ್ತೆ ಹೊತ್ತಿಕೊಂಡಾಗ ಯಾವುದೋ ಹಳೆಯ ವರ್ಷ ತೋರಿಸುತ್ತಿರುತ್ತದೆ. ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ತಾರೀಕು ತಪ್ಪಿದರೆ ಎಲ್ಲ ವೆಬ್‌ಸೈಟೂ ಕೆಟ್ಟದ್ದಾಗಿ ಕಾಣುತ್ತದೆ. ಹೋದ ಮಳೆಗಾಲದಲ್ಲಿ ಒಂದು ಸಂಘದ ಲೆಕ್ಕ ಬರೆಯುವ ಹುಡುಗಿ ಫೋನ್ ಕೆಟ್ಟಿತು ಅಂತ ರಿಪೇರಿ ಅಂಗಡಿಗೆ ಹೊರಟಿದ್ದಳು. ತಾರೀಕು ಸರಿ ಮಾಡಿದ್ದೇ ತಡ, ಎಲ್ಲ ತೆರೆಯಿತು. ಇನ್ನು ಆಸ್ಪತ್ರೆ, ಲಾಡ್ಜ್‌ಗಳ ವೈಫೈಗೆ ಸೇರುವಾಗಲೂ ಈ ಎಚ್ಚರಿಕೆ ಬರುವುದುಂಟು.

ತಾರೀಕು ಸರಿಯಿದೆ, ನಿಮ್ಮದೇ ಸಿಮ್ಮಿನ ನೆಟ್ ಇದೆ, ಆದರೂ ಬ್ಯಾಂಕಿನ ಪುಟಕ್ಕೆ ಈ ಕೆಂಪು ತ್ರಿಕೋನ ಬರುತ್ತದೆ ಎಂದಾದರೆ ಹಿಂದೆ ಬನ್ನಿ. ಕೆಳಗೆ ಸಣ್ಣಕ್ಷರದಲ್ಲಿ ಆದರೂ ಮುಂದುವರಿಯಿರಿ ಎಂಬ ದಾರಿ ಇರುತ್ತದೆ, ಅದನ್ನು ಒತ್ತಬೇಡಿ. ಆ ದಿನ ಬ್ಯಾಂಕಿಗೇ ಹೋಗಿ ಬನ್ನಿ.

ಒಟಿಪಿ ಕೊಟ್ಟಾಯಿತು, ಈಗ?

ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಜೊತೆಗೇ ಬ್ಯಾಂಕಿಗೆ ತಿಳಿಸಿ ಕಾರ್ಡ್ ನಿಲ್ಲಿಸಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗ ಬೇಗ ಸಾಗುತ್ತದೆ. ಕೊನೆಗೆ ಎಟಿಎಂನಿಂದ ತೆಗೆದುಬಿಡುವ ಮುಂಚೆ ದೂರು ತಲುಪಿದರೆ ನಡುವಿನ ಖಾತೆಯಲ್ಲಿ ಅದನ್ನು ತಡೆಹಿಡಿಯಬಹುದು. ಹಣ ಕಡಿತವಾದ ಸಂದೇಶವನ್ನು ಅಳಿಸಬೇಡಿ, ಅದರಲ್ಲಿರುವ ವ್ಯವಹಾರದ ಸಂಖ್ಯೆಯನ್ನು ಕೇಳುತ್ತಾರೆ. ಒಟಿಪಿ ಕೊಟ್ಟಂಥ ಗ್ರಾಹಕರ ತಪ್ಪಿನಿಂದ ಹೋದ ಹಣದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರದ್ದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿತ್ತು. ತಿಳಿಸಿದ ಗಂಟೆ ನಿಮಿಷಕ್ಕೆ ಅಷ್ಟು ಬೆಲೆ ಇದೆ.

ನಮ್ಮ ಸದಸ್ಯೆ ತಿಳಿಸಿದ್ದು ಮಾರನೇ ದಿನ ಸಂಜೆ. ರಾತ್ರಿಯಿಡೀ ಯಾರಿಗೂ ಹೇಳಿರಲಿಲ್ಲ. "ಸಂಘದ ದುಡ್ಡು, ತಿಂದುಬಿಟ್ಲು ಅಂದುಕೊಳ್ತಾರೆ ಅಂತ ಹೆದರಿಕೆ ಆಯ್ತು" ಎಂದರು. ಸ್ವಲ್ಪ ಹಣ ಮಾತ್ರ ತಡೆಹಿಡಿಯಲು ಆಯಿತು. ಸಂಘದಲ್ಲಿ ಎರಡು ವಾರ ಮಾತು ಬೆಳೆಯಿತು, ಇಬ್ಬರು ಸಭೆಗೆ ಬರುವುದನ್ನೇ ಬಿಟ್ಟರು. ಮೂರನೇ ವಾರ ಹಿರಿಯ ಸದಸ್ಯೆಯೊಬ್ಬರು ಎಲ್ಲರನ್ನೂ ಕೂರಿಸಿ, ಆ ಲಿಂಕನ್ನು ತಮ್ಮ ತಮ್ಮ ಫೋನಿನಲ್ಲಿ ಯಾರು ಯಾರು ಒತ್ತಿದ್ದೀರಿ ಅಂತ ಕೇಳಿದರು. ನಾಲ್ಕು ಕೈ ಮೇಲೆ ಬಂತು. ಅವರ ಖಾತೆಯಲ್ಲಿ ಆಗ ದುಡ್ಡು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಬ್ಯಾಂಕಿಗೆ ರಜೆ ಇದ್ದರೂ ಕಂತಿನ ಹಣ ಒಬ್ಬರ ಸ್ವಂತ ಖಾತೆಗೆ ಬೇಡ, ಫೋನಿನಿಂದ ಹಾಕುವುದಾದರೆ ನೇರವಾಗಿ ಸಂಘದ ಖಾತೆಗೇ ಹಾಕಬೇಕು ಎಂದು ಅಂದು ನಡಾವಳಿ ಬರೆದರು. ನಷ್ಟವನ್ನು ಹಂಚಿಕೊಳ್ಳುವ ಲೆಕ್ಕ ಇನ್ನೂ ಪೂರ್ತಿ ಮುಗಿದಿಲ್ಲ.

ನಾವು ಹಿಂದೆ ಹಂಚಿದ ಡಿಜಿಟಲ್ ತರಬೇತಿಯ ಹಾಳೆ ಕೆಲವು ಸಂಘಗಳ ನಡಾವಳಿ ಪುಸ್ತಕದ ಹಿಂಬದಿಗೆ ಇನ್ನೂ ಅಂಟಿಕೊಂಡಿರುವುದನ್ನು ನೋಡಿದ್ದೇವೆ. ಅದರಲ್ಲಿ ಬೀಗ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ ಎಂಬ ಸಾಲನ್ನು ಪೆನ್ನಿನಲ್ಲಿ ಗೀಟು ಎಳೆದು ಹೊಡೆದುಹಾಕಿ. ಆ ಜಾಗದಲ್ಲಿ 1930 ಎಂದು ದೊಡ್ಡದಾಗಿ ಬರೆದುಕೊಳ್ಳಿ.